31 ಹೆಸರು ಬೇಡ, ಸ್ಯೂ ಒಬ್ಬಳು ಸಾಕು

ನಮಸ್ಕಾರ.

ನೀವು ಕಳಿಸಿದ 'ಕಾಮಿಕ್ಸ್ ಲೋಕದ ವೀರವನಿತೆಯರು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಪತ್ರದ ಕೊನೆಯವರೆಗೆ ಕಾಯಿಸುವುದು ನನಗೆ ಇಷ್ಟವಿಲ್ಲ. ಇಂಥ ಲೇಖನಗಳಿಗೆ ಸಾಮಾನ್ಯವಾಗಿ ಎರಡು ಸಾಲು ಬರೆದು ಸುಮ್ಮನಾಗುತ್ತೇನೆ. ನಿಮಗೆ ಇಷ್ಟುದ್ದ ಬರೆಯಲು ಕಾರಣ ನಿಮ್ಮ ಏಳನೇ ಪ್ಯಾರಾದಲ್ಲಿ ಸ್ಯೂ ಸ್ಟಾರ್ಮ್ ಎಂಬ ಕಾಮಿಕ್ಸ್ ನಾಯಕಿಯ ಬಗ್ಗೆ ಇರುವ ಮೂರು ಪುಟ್ಟ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲ ಪುಟ ನೋಡೋಣ. 'ಪುರಾತನ ಕಾಲದಿಂದಲೂ ಹೆಣ್ಣು ಶಕ್ತಿಯ ಸ್ವರೂಪ' ಎಂದು ಶುರು ಮಾಡಿದ್ದೀರಿ. ಅಲ್ಲಿಂದ ದುರ್ಗೆ, ದುರ್ಗೆಯಿಂದ ಕಿತ್ತೂರು ಚೆನ್ನಮ್ಮ, ಚೆನ್ನಮ್ಮನಿಂದ ಓಬವ್ವ. ವಂಡರ್ ವುಮನ್ ಬರುವಷ್ಟರಲ್ಲಿ ಒಂದೂವರೆ ಪುಟ ಮುಗಿದಿತ್ತು, ನನ್ನ ಕಾಫಿಯೂ ಮುಗಿದಿತ್ತು. 'ಓಬವ್ವ ಕನ್ನಡದ ವಂಡರ್ ವುಮನ್' ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಓಬವ್ವನಿಗೆ ದೇವತೆಗಳ ವರ ಇರಲಿಲ್ಲ, ಗುಂಡು ತಡೆಯುವ ಕಡಗ ಇರಲಿಲ್ಲ. ಗಂಡ ಊಟಕ್ಕೆ ಕೂತಿದ್ದ, ಇವಳು ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರುತ್ತಿದ್ದರು, ಕೈಗೆ ಸಿಕ್ಕಿದ್ದು ಒನಕೆ. ಆ ಕತೆಯ ರುಚಿ ಇರುವುದೇ ಅಲ್ಲಿ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಇಬ್ಬರಿಗೂ ನಷ್ಟ. ಹೊರಗಿನ ವಿಷಯ ಬರೆಯುವ ಮುಂಚೆ ಊರ ದೇವರಿಗೆ ಕೈಮುಗಿಯಲೇಬೇಕು ಎನ್ನುವ ಅಳುಕು ನಮ್ಮಲ್ಲಿ ಹಲವರಿಗಿದೆ. ಬೇಡ. ಅಮೆರಿಕದ ಕಾಮಿಕ್ಸ್ ಬಗ್ಗೆ ಬರೆಯುತ್ತಿದ್ದೀರಿ, ನೇರ ಅಲ್ಲಿಗೇ ಹೋಗಿ.

ಆಮೇಲೆ ಹೆಸರುಗಳು. ನಾನು ಎಣಿಸಿದೆ, 31 ಇವೆ. ಒಬ್ಬೊಬ್ಬರಿಗೆ ಒಂದೋ ಎರಡೋ ಸಾಲು. ಯಾವ ವರ್ಷ ಬಂದಳು, ಯಾವ ಕಂಪನಿ, ಶಕ್ತಿ ಏನು. ಮದುವೆ ಮನೆಯ ಬಾಗಿಲಲ್ಲಿ ಕೂತು ಮುಯ್ಯಿ ಬರೆದುಕೊಳ್ಳುವ ಪುಸ್ತಕದ ಹಾಗಿದೆ. ಯಾರು ಎಷ್ಟು ಕೊಟ್ಟರು ಅಂತ ಗೊತ್ತಾಗುತ್ತದೆ, ಮದುವೆ ಹೇಗಿತ್ತು ಅಂತ ಗೊತ್ತಾಗುವುದಿಲ್ಲ.

ಪಟ್ಟಿ ಮಾಡಲು ಕೂತ ಮೇಲೆ ಪಟ್ಟಿಯಾದರೂ ಸರಿ ಇರಬೇಕು. 'ಮೊಟ್ಟಮೊದಲ ಮಹಿಳಾ ಸೂಪರ್‌ಹೀರೋ ವಂಡರ್ ವುಮನ್' ಎಂದಿದ್ದೀರಿ. ಅಲ್ಲ. ಅವಳು ಓದುಗರ ಕೈಗೆ ಬಂದದ್ದು 1941ರ ಕೊನೆಗೆ. ಫ್ಯಾಂಟೋಮಾ ಎಂಬ ಕಾಡಿನ ಮಾಯಗಾತಿ 1940ರಲ್ಲೇ ಬಂದಿದ್ದಳು. 1941ರ ಏಪ್ರಿಲ್‌ನಲ್ಲಿ ಪತ್ರಿಕೆಗಳ ಭಾನುವಾರದ ಪುಟದಲ್ಲಿ ಮಿಸ್ ಫ್ಯೂರಿ ಶುರುವಾಯಿತು. ಅದನ್ನು ಬರೆದು ಚಿತ್ರ ಬಿಡಿಸುತ್ತಿದ್ದವರು ಜೂನ್ ಟಾರ್ಪೆ ಮಿಲ್ಸ್ ಎಂಬ ಮಹಿಳೆ. ಬರೆಯುವವಳು ಹೆಂಗಸು ಎಂದು ಓದುಗರಿಗೆ ತಿಳಿಯದಿರಲಿ ಅಂತ 'ಜೂನ್' ಬಿಟ್ಟು 'ಟಾರ್ಪೆ ಮಿಲ್ಸ್' ಎಂದಷ್ಟೇ ಸಹಿ ಹಾಕುತ್ತಿದ್ದರು. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ? 31ರಲ್ಲಿ ಅವರೂ ಇಲ್ಲ, ಅವರ ಪಾತ್ರವೂ ಇಲ್ಲ.

ಇನ್ನೊಂದು ತಪ್ಪು. 'ಜೋಕರ್‌ನ ಗುಂಡು ತಗುಲಿ ಬ್ಯಾಟ್‌ಗರ್ಲ್ ಗಾಲಿಕುರ್ಚಿ ಸೇರಿದಳು, ಅಲ್ಲಿಗೆ ಅವಳ ಕತೆ ಮುಗಿಯಿತು.' ಗುಂಡು ತಗುಲಿದ್ದು ನಿಜ, 1988ರ ಕತೆಯಲ್ಲಿ. ಆದರೆ ಮರುವರ್ಷವೇ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಎಂಬ ಗಂಡ ಹೆಂಡತಿ ಅವಳನ್ನು ಒರಾಕಲ್ ಎಂಬ ಹೊಸ ಹೆಸರಿನಲ್ಲಿ ತಂದರು. ಗಾಲಿಕುರ್ಚಿಯಲ್ಲಿ ಕೂತೇ, ಕಂಪ್ಯೂಟರ್ ಮುಂದೆ ಕೂತೇ, ಉಳಿದ ಹೀರೋಗಳಿಗೆಲ್ಲ ಸುದ್ದಿ ಒದಗಿಸುವವಳಾದಳು. 2011ರವರೆಗೆ ಹಾಗೇ ಇದ್ದಳು. ಒಬ್ಬರು ಬೀಳಿಸಿದ ಪಾತ್ರವನ್ನು ಇನ್ನಿಬ್ಬರು ಬೇರೆಯದೇ ರೀತಿಯಲ್ಲಿ ಎಬ್ಬಿಸಿದರು. ಕಾಮಿಕ್ಸ್ ಪಾತ್ರ ಕಾದಂಬರಿಯ ಪಾತ್ರದಂತೆ ಒಬ್ಬರ ಸ್ವಂತದ್ದಲ್ಲ. ಬಾಡಿಗೆ ಮನೆ ಇದ್ದ ಹಾಗೆ. ಒಬ್ಬರು ಖಾಲಿ ಮಾಡುತ್ತಾರೆ, ಇನ್ನೊಬ್ಬರು ಬಂದು ಗೋಡೆಗೆ ಬೇರೆ ಬಣ್ಣ ಹೊಡೆಯುತ್ತಾರೆ. ಇದನ್ನು ಹಿಡಿದುಕೊಳ್ಳದೆ 'ಕಾಮಿಕ್ಸ್ ಹೆಣ್ಣನ್ನು ಹೀಗೆ ತೋರಿಸುತ್ತದೆ' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ಬರುವುದಿಲ್ಲ. ನೀವು ನಾಲ್ಕು ಕಡೆ ಕೊಟ್ಟಿದ್ದೀರಿ.

ಈಗ ಏಳನೇ ಪ್ಯಾರಾ. ನಿಮ್ಮದೇ ಸಾಲುಗಳು: 'ಸ್ಯೂ ಸ್ಟಾರ್ಮ್‌ಗೆ ಇರುವ ಶಕ್ತಿ ಮಾಯವಾಗುವುದು ಅಂತ ಓದಿ ನಗು ಬಂತು. ನಮ್ಮ ಮನೆಗೆ ನೆಂಟರು ಬಂದರೆ ಅಮ್ಮನೂ ಮಾಯ. ಕಾಫಿ ಮಾತ್ರ ಬರುತ್ತಿತ್ತು.'

ಇದು ಲೇಖನ. ಉಳಿದದ್ದು ಪೀಠಿಕೆ, ಪಟ್ಟಿ, ಭಾಷಣ. ಈ ಮೂರು ಸಾಲು ಬರೆದು ಮುಂದಿನ ವಾಕ್ಯದಲ್ಲೇ ಷೀ ಹಲ್ಕ್‌ಗೆ ಹಾರಿಬಿಟ್ಟಿದ್ದೀರಲ್ಲ, ನನಗೆ ಸಿಟ್ಟೇ ಬಂತು.

ಸ್ಯೂ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲಿ. 1961ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಫೆಂಟಾಸ್ಟಿಕ್ ಫೋರ್ ಎಂಬ ಕಾಮಿಕ್ಸ್ ಶುರು ಮಾಡಿದರು. ನಾಲ್ವರು ರಾಕೆಟ್ ಹತ್ತಿ ಹೋಗುತ್ತಾರೆ, ನಾಲ್ವರಿಗೂ ಕಾಸ್ಮಿಕ್ ಕಿರಣ ತಗುಲುತ್ತದೆ. ಒಬ್ಬನ ಮೈ ರಬ್ಬರಿನಂತೆ ಹಿಗ್ಗುತ್ತದೆ. ಒಬ್ಬ ಬಂಡೆಯಾಗುತ್ತಾನೆ. ಒಬ್ಬ ಹೊತ್ತಿ ಉರಿಯುತ್ತಾನೆ. ಹುಡುಗಿ, ಅಂದರೆ ಸ್ಯೂ, ಕಾಣಿಸದಂತಾಗುತ್ತಾಳೆ. ಅದೇ ರಾಕೆಟ್, ಅದೇ ಕಿರಣ! ಗಂಡಸರಿಗೆ ಸಿಕ್ಕಿದ್ದು ಎದುರಾಳಿಯ ಮೇಲೆ ಬೀಳುವ ಶಕ್ತಿ, ಅವಳಿಗೆ ಸಿಕ್ಕಿದ್ದು ಅಲ್ಲಿಂದ ಸರಿದುಕೊಳ್ಳುವ ಶಕ್ತಿ.

ಮುಂದಿನದು ಇನ್ನೂ ಸ್ವಾರಸ್ಯ. ಈ ಹುಡುಗಿ ತಂಡಕ್ಕೆ ಏನು ಪ್ರಯೋಜನ, ತೆಗೆದುಹಾಕಿ ಎಂದು ಓದುಗರ ಕಾಗದಗಳು ಬಂದವು. 1963ರಲ್ಲಿ 11ನೇ ಸಂಚಿಕೆಯಲ್ಲಿ ಅದಕ್ಕೆ ಕತೆಯೊಳಗೇ ಉತ್ತರ ಕೊಟ್ಟರು. ಸ್ಯೂ ಆ ಕಾಗದಗಳಿಂದ ನೊಂದು ಕೂತಿದ್ದಾಳೆ. ತಂಡದ ನಾಯಕ, ರಬ್ಬರ್ ಮೈಯ ರೀಡ್ ಅವಳ ಪರವಾಗಿ ಓದುಗರತ್ತ ತಿರುಗಿ ವಾದಿಸುತ್ತಾನೆ. ವಾದಕ್ಕೆ ಯಾರನ್ನು ಕರೆತರುತ್ತಾನೆ ಗೊತ್ತಾ? ಅಬ್ರಹಾಂ ಲಿಂಕನ್‌ನ ತಾಯಿಯನ್ನು. ಲಿಂಕನ್ ತನ್ನ ಏಳಿಗೆಗೆಲ್ಲ ತಾಯಿಯೇ ಕಾರಣ ಎಂದಿದ್ದನಲ್ಲ, ಹಾಗೆ. ತಮ್ಮ ಜೊತೆ ಪ್ರಾಣ ಪಣಕ್ಕಿಟ್ಟು ಹೊರಡುವವಳನ್ನು ಸಮರ್ಥಿಸಲು ಮಹಾಪುರುಷನೊಬ್ಬನ ತಾಯಿ ಬೇಕಾಯಿತು. ನಿಮ್ಮ ಅಮ್ಮನ ಕಾಫಿಯನ್ನು ನೆಂಟರು ಹೊಗಳುತ್ತಿದ್ದರಾ? ಹೊಗಳಿದ್ದರೆ ಅದೂ ಇದೇ ಜಾತಿಯ ಹೊಗಳಿಕೆ. ಇಲ್ಲಿ ನೀವು ಬರೆಯಬೇಕಿತ್ತು.

1964ರ ಮೊದಲಲ್ಲಿ, 22ನೇ ಸಂಚಿಕೆಯಲ್ಲಿ, ಸ್ಯೂಗೆ ಕಣ್ಣಿಗೆ ಕಾಣದ ಗೋಡೆ ಎಬ್ಬಿಸುವ ಶಕ್ತಿ ಬಂತು. ಆ ಕಾಗದಗಳು ಕೆಲಸ ಮಾಡಿದವು ಅಂತ ನನ್ನ ಅನುಮಾನ. 1965ರಲ್ಲಿ ರೀಡ್ ಜೊತೆ ಮದುವೆ, 1968ರಲ್ಲಿ ಮಗು. ಅವಳ ಹೀರೋ ಹೆಸರು ಮಾತ್ರ ಆಗಲೂ ಇನ್ವಿಸಿಬಲ್ ಗರ್ಲ್. ಕೊನೆಗೆ 1985ರಲ್ಲಿ ಜಾನ್ ಬರ್ನ್ ಎಂಬ ಬರಹಗಾರ, ಕಲಾವಿದ ಬಂದು 'ಗರ್ಲ್' ತೆಗೆದು 'ವುಮನ್' ಮಾಡಿದ. ಕಾಮಿಕ್ಸ್‌ನಲ್ಲಿ ಕಾಲ ನಿಧಾನ, ಒಪ್ಪಿದೆ. ಆದರೂ ಮದುವೆಯಾದ 20 ವರ್ಷಕ್ಕೆ ಹುಡುಗಿ ಹೆಂಗಸಾದದ್ದು!

ಸ್ಯೂ ಜೊತೆಗೆ ಇನ್ನೊಬ್ಬಳು ಬೇಕೆಂದರೆ ವಂಡರ್ ವುಮನ್ ಇರಲಿ, ಆದರೆ ನೀವು ಬರೆದ ಹಾಗಲ್ಲ. ನೀವು 2017ರ ಸಿನಿಮಾಕ್ಕೆ ಒಂದು ಪುಟ ಕೊಟ್ಟಿದ್ದೀರಿ, 1942ಕ್ಕೆ ಒಂದು ಸಾಲೂ ಇಲ್ಲ. ಅವಳನ್ನು ಹುಟ್ಟಿಸಿದ ವಿಲಿಯಂ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ಸುಳ್ಳು ಹೇಳುವವರ ರಕ್ತದೊತ್ತಡ ಹೇಗೆ ಏರುತ್ತದೆ ಎಂದು ಪರೀಕ್ಷೆ ಮಾಡಿದವನು. ಅವನ ಪಾತ್ರದ ಕೈಯಲ್ಲಿ ನಿಜ ಬಾಯಿಬಿಡಿಸುವ ಹಗ್ಗ ಇದೆ. ಅವನು ಬರೆದ ಕತೆಗಳಲ್ಲಿ ಅವಳು ಯಾರಿಗೂ ಕಮ್ಮಿ ಇಲ್ಲ. ಆದರೆ ಅದೇ 1942ರಲ್ಲಿ, ಅದೇ ಪ್ರಕಾಶಕರ ಇನ್ನೊಂದು ಪುಸ್ತಕದಲ್ಲಿ, ಅವಳು ಜಸ್ಟಿಸ್ ಸೊಸೈಟಿ ಎಂಬ ಸೂಪರ್‌ಹೀರೋಗಳ ಸಂಘ ಸೇರಿದಳು. ಸಂಘದಲ್ಲಿ ಅವಳ ಹುದ್ದೆ? ಸೆಕ್ರೆಟರಿ. ಗಂಡಸರು ಯುದ್ಧಕ್ಕೆ, ಅವಳು ಮಿನಿಟ್ಸ್ ಬರೆಯಲಿಕ್ಕೆ. ಆ ಕತೆಗಳನ್ನು ಬರೆಯುತ್ತಿದ್ದವನು ಗಾರ್ಡ್ನರ್ ಫಾಕ್ಸ್. ಒಂದೇ ವರ್ಷ, ಒಂದೇ ಪಾತ್ರ, ಎರಡು ಕೈ.

1968ರಲ್ಲಿ ಇನ್ನೊಂದು ಕೈ ಅವಳ ಶಕ್ತಿಯನ್ನೆಲ್ಲ ಕಿತ್ತುಕೊಂಡು ಬಟ್ಟೆ ಅಂಗಡಿ ಇಟ್ಟುಕೊಟ್ಟಿತು. ಅವಳನ್ನು ಈ ಕಾಲದ ಹೆಣ್ಣಾಗಿ ಮಾಡುತ್ತಿದ್ದೇವೆ ಎಂದೇ ಅವರ ನಂಬಿಕೆ. 1972ರಲ್ಲಿ ಸ್ತ್ರೀವಾದಿ ಗ್ಲೋರಿಯಾ ಸ್ಟೈನಮ್ ಮತ್ತು ಜೊತೆಗಾರರು ತಮ್ಮ ಹೊಸ ಮಹಿಳಾ ಪತ್ರಿಕೆಯ ಮುಖಪುಟಕ್ಕೆ ಹಳೆಯ, ಶಕ್ತಿಯುಳ್ಳ ವಂಡರ್ ವುಮನ್ ಅನ್ನೇ ಹಾಕಿದರು. ಮರುವರ್ಷ ಶಕ್ತಿ ವಾಪಸ್ ಬಂತು. ಇದನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಜಾಸ್ತಿ ಎಳೆಯಬೇಡಿ. ನಿಮ್ಮ ಕತೆ ಸ್ಯೂದು.

ಬಟ್ಟೆಯ ವಿಷಯ. 'ಅರೆಬರೆ ಬಟ್ಟೆ' ಎಂಬ ಮಾತು ನಿಮ್ಮಲ್ಲಿ ಐದು ಸಲ ಬಂದಿದೆ. ಬಟ್ಟೆಯ ಲೆಕ್ಕಕ್ಕೆ ಹೋದರೆ ಪಾಪ ಗಂಡು ಹೀರೋ ಹಲ್ಕ್‌ಗೆ ಹರಿದ ಪ್ಯಾಂಟ್ ಬಿಟ್ಟರೆ ಬೇರೇನೂ ಇಲ್ಲ. ತಕರಾರು ಗೇಣು ಬಟ್ಟೆಯದ್ದಲ್ಲ, ನಿಲ್ಲಿಸಿದ ರೀತಿಯದು. ಹೀರೋ ಎದುರಾಳಿಯನ್ನು ನೋಡಿಕೊಂಡು ನಿಂತಿರುತ್ತಾನೆ. ಅವಳು ಸೊಂಟ ತಿರುಚಿಕೊಂಡು, ಎದೆ ಬೆನ್ನು ಎರಡೂ ಒಟ್ಟಿಗೆ ಓದುಗನಿಗೆ ಕಾಣುವ ಹಾಗೆ ನಿಂತಿರುತ್ತಾಳೆ. ಯಾವ ಮನುಷ್ಯರ ಬೆನ್ನುಮೂಳೆಯೂ ಹಾಗೆ ತಿರುಗುವುದಿಲ್ಲ. 2012ರಲ್ಲಿ ಕೆಲವು ಚಿತ್ರಕಾರರು ಒಂದು ತಮಾಷೆ ಮಾಡಿದರು. ಮುಖಪುಟಗಳಲ್ಲಿ ನಾಯಕಿಯರು ನಿಂತ ಭಂಗಿಯಲ್ಲೇ ಬಿಲ್ಲುಗಾರ ಹಾಕ್‌ಐನನ್ನು ನಿಲ್ಲಿಸಿ ಚಿತ್ರ ಬರೆದು ಹಂಚಿದರು. ನೋಡಿದವರು ನಕ್ಕರು, ನಕ್ಕ ಮೇಲೆ ವಿವರಣೆ ಬೇಕಾಗಲಿಲ್ಲ. ನೀವೂ ಒಂದು ಮುಖಪುಟ ಎದುರಿಗಿಟ್ಟುಕೊಂಡು ಕಂಡದ್ದನ್ನು ಬರೆಯಿರಿ. ಐದು ಸಲ ಬೈಯುವುದಕ್ಕಿಂತ ಅದು ಚುರುಕಾಗಿರುತ್ತದೆ.

ಫ್ರಿಜ್ ವಿಷಯ ಪ್ರಸ್ತಾಪಿಸಿ ವಿವರಿಸದೆ ಬಿಟ್ಟಿದ್ದೀರಿ. ಓದುಗರಿಗೆ ತಲೆಬುಡ ತಿಳಿಯುವುದಿಲ್ಲ. 1994ರ ಗ್ರೀನ್ ಲ್ಯಾಂಟರ್ನ್ ಸಂಚಿಕೆಯೊಂದರಲ್ಲಿ ನಾಯಕನ ಗೆಳತಿಯನ್ನು ಕೊಂದು ಫ್ರಿಜ್‌ನಲ್ಲಿ ತುರುಕಿರುತ್ತಾರೆ. ನಾಯಕನಿಗೆ ಸಿಟ್ಟು ಬರಿಸುವುದಷ್ಟೇ ಅವಳ ಸಾವಿನ ಕೆಲಸ. 1999ರಲ್ಲಿ ಗೇಲ್ ಸಿಮೋನ್ ಹೀಗೆ ಸತ್ತ, ಗಾಯಗೊಂಡ, ಶಕ್ತಿ ಕಳೆದುಕೊಂಡ ಹೆಣ್ಣು ಪಾತ್ರಗಳ ಪಟ್ಟಿ ಮಾಡಿ ಇಂಟರ್‌ನೆಟ್‌ಗೆ ಹಾಕಿದರು. ಆಗ ಅವರ ಕಸುಬು ಕೇಶ ವಿನ್ಯಾಸ. ಮುಂದೆ ಅವರೇ ವಂಡರ್ ವುಮನ್ ಬರೆದರು, 2011ರಲ್ಲಿ ಬ್ಯಾಟ್‌ಗರ್ಲ್ ಅನ್ನೂ ಬರೆದರು. ನೋಡಿ, ಅವರದ್ದೂ ಪಟ್ಟಿಯೇ. ಆದರೆ ಆ ಪಟ್ಟಿ ಒಂದು ಪ್ರಶ್ನೆ ಕೇಳುತ್ತಿತ್ತು. ನಿಮ್ಮದು ಕೇಳುವುದಿಲ್ಲ.

ಕಮಲಾ ಖಾನ್‌ಳನ್ನು ನೀವು ಕ್ಯಾರಲ್ ಡಾನ್ವರ್ಸ್ ಜೊತೆ ಕಲೆಸಿ ಒಬ್ಬಳನ್ನೇ ಮಾಡಿದ್ದೀರಿ. ಇಬ್ಬರಿಗೂ ಮಿಸ್ ಮಾರ್ವೆಲ್ ಎಂಬ ಹೆಸರಿತ್ತು, ನಿಜ. ಕ್ಯಾರಲ್ 1977ರಲ್ಲಿ ಆ ಹೆಸರು ಪಡೆದವಳು. ಕಮಲಾ ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ, ಅವಳ ಸ್ವಂತ ಪುಸ್ತಕ ಶುರುವಾದದ್ದು 2014ರಲ್ಲಿ, ಬರೆದವರು ಜಿ. ವಿಲ್ಲೋ ವಿಲ್ಸನ್. ಮರುವರ್ಷ ವೈಜ್ಞಾನಿಕ ಕಲ್ಪನಾ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಶಕ್ತಿ ಬಂದಾಗ ಕಮಲಾ ಮೊದಲು ಆಗುವುದು ಏನು ಹೇಳಿ? ಕ್ಯಾರಲ್ ಥರ ಬಿಳಿ ಮೈ, ಹೊಂಬಣ್ಣದ ಕೂದಲು, ಹಳೆಯ ತುಂಡು ಉಡುಪು. ಕನಸು ಕಂಡದ್ದೇ ಅದನ್ನು. ಹಾಕಿಕೊಂಡ ಮೇಲೆ ಆ ಬೂಟೂ ಹಿತವಿಲ್ಲ, ಬಟ್ಟೆಯೂ ಹಿತವಿಲ್ಲ. ಆಮೇಲೆ ಮನೆಯಲ್ಲಿದ್ದ ಬುರ್ಕಿನಿಯನ್ನೇ, ಅಂದರೆ ಮೈ ಮುಚ್ಚುವ ಈಜುಡುಗೆಯನ್ನೇ, ತಿದ್ದಿ ತನ್ನ ಉಡುಪು ಮಾಡಿಕೊಳ್ಳುತ್ತಾಳೆ. ಅವಳ ಶಕ್ತಿ ಮೈಯನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವುದು. ಮಾಯವಾಗುವ ಸ್ಯೂ ಎಲ್ಲಿ, ಬೀದಿ ತುಂಬ ಬೆಳೆಯುವ ಇವಳೆಲ್ಲಿ. ಇದನ್ನು ಬಳಸಿಕೊಳ್ಳಿ. ಆದರೆ 'ಅಂದು ಹಾಗಿತ್ತು, ಇಂದು ಹೀಗಾಯಿತು' ಎಂದು ಗಂಟು ಹಾಕಿ ಮುಗಿಸಬೇಡಿ, ವಿಷಯ ಅಷ್ಟು ಸಲೀಸಲ್ಲ. ನಡುವೆ ಸ್ಪೈಡರ್ ವುಮನ್ ಇದ್ದಾಳೆ. ಆ ಹೆಸರಿನ ಹಕ್ಕನ್ನು ಬೇರೆಯವರು ಹಾರಿಸಿಕೊಂಡು ಹೋಗದಿರಲಿ ಎಂದು 1977ರಲ್ಲಿ ಅವಸರಕ್ಕೆ ಹುಟ್ಟಿಸಿದ ಪಾತ್ರ. ಹೆಣ್ಣು ಪಾತ್ರ ಮುಂದೆ ಬಂದಾಗೆಲ್ಲ ಕಾರಣ ಆದರ್ಶವೇ ಆಗಿರಬೇಕಿಲ್ಲ.

ಭಾಷೆ ಬಗ್ಗೆ ಒಂದೇ ಮಾತು. 'ಸಬಲೀಕರಣ' ಒಂಬತ್ತು ಸಲ ಇದೆ. ನಾನು ಹೊಸದಾಗಿ ಬರೆಯುವಾಗ ನನಗೂ ಆ ಪದದ ಮೇಲೆ ಬಹಳ ಪ್ರೀತಿ. ಪ್ರೂಫ್ ನೋಡುತ್ತಿದ್ದ ಹಿರಿಯರೊಬ್ಬರು ಅದರ ಕೆಳಗೆಲ್ಲ ಗೆರೆ ಎಳೆದು ಅಂಚಿನಲ್ಲಿ 'ಇದು ಯಾವ ಅಂಗಡಿಯಲ್ಲಿ ಸಿಗುತ್ತೆ?' ಎಂದು ಬರೆದು ಕಳಿಸಿದ್ದರು. ಈಗ ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ನಾನೂ ಅದನ್ನೇ ಬರೆದಿದ್ದೇನೆ. 'ಸಮಾಜ ಬದಲಾಗಬೇಕು' ಎಂಬ ಕೊನೆಯ ಪ್ಯಾರಾವನ್ನು ಪೂರ್ತಿ ಹೊಡೆದು ಹಾಕಿದ್ದೇನೆ.

1,200 ಪದ ಸಾಕು. ಹೊಸ ಕರಡಿಗೆ ಅವಸರವಿಲ್ಲ, ಆದರೆ ಬರೆಯುವ ಮುಂಚೆ ಆ 11ನೇ ಸಂಚಿಕೆಯನ್ನು ಹುಡುಕಿ ಸ್ವತಃ ಓದಿ. ನಾನು ಹೇಳಿದ್ದನ್ನು ನಂಬಿ ಬರೆಯಬೇಡಿ. ಸ್ಯೂ ಎಷ್ಟು ಚೌಕಗಳಲ್ಲಿ ಇದ್ದಾಳೆ, ಆ ಚೌಕಗಳಲ್ಲಿ ಮಾತಿನ ಗುಳ್ಳೆ ಯಾರದ್ದು, ಅವಳ ಕೈಗಳು ಏನು ಮಾಡುತ್ತಿವೆ, ನೋಡಿ ಗುರುತು ಹಾಕಿಕೊಳ್ಳಿ. ಇಂಟರ್‌ನೆಟ್‌ನಿಂದ ಇಳಿಸಿದ ಚಿತ್ರ ಕಳಿಸಬೇಡಿ, ಹಕ್ಕಿನ ತೊಂದರೆ ಇದೆ, ನಮ್ಮ ಕಲಾವಿದರೇ ಬಿಡಿಸುತ್ತಾರೆ.

ಹಾಂ, ಇನ್ನೊಂದು. ನೆಂಟರು ಹೋದ ಮೇಲೆ ಅಮ್ಮ ಹೊರಗೆ ಬಂದು ಏನು ಮಾಡುತ್ತಿದ್ದರು? ನೀವು ಬರೆದಿಲ್ಲ. ಓದುವಾಗ ನನಗೆ ಅದೇ ಬೇಕಾಗಿತ್ತು.