ಆ ದುಡ್ಡು ಯಾವಾಗ ಬೇಕು?

ನಮಸ್ಕಾರ ತಂಗಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಾವಣಗೆರೆಯ ವಿದ್ಯಾನಗರದಿಂದ ಒಹಾಯೊಗೆ ಬಂದು ಎರಡು ತಿಂಗಳಾಗಿದೆ, ವಯಸ್ಸು 51, ಅರವತ್ತೆರಡಕ್ಕೆ ಊರಿಗೆ ಮರಳಬೇಕೆಂದಿದ್ದೀರಿ. ಕಂಪನಿಯವರು 401ಕೆ ನಿವೃತ್ತಿ ಯೋಜನೆಯ ಫಂಡ್‌ಗಳ ಪಟ್ಟಿ ಕೊಟ್ಟಿದ್ದಾರೆ. "ಅಸಲು ಕರಗಬಾರದು ಅಣ್ಣ, ಏರಿಳಿತ ಕಡಿಮೆ ಇರುವುದು ಯಾವುದು ಹೇಳಿ" ಎಂದು ಕೇಳಿದ್ದೀರಿ. ಜೊತೆಗೆ ಮನೆ, ಹಿಮದಲ್ಲಿ ಕಾರು, ಊರಿನ ಎಸ್‌ಐಪಿ (ತಿಂಗಳ ಮ್ಯೂಚುವಲ್ ಫಂಡ್ ಕಂತು).

ನಾನು 1997ರ ಫೆಬ್ರವರಿಯಲ್ಲಿ ಬಂದವನು. ಆಗ ದಾವಣಗೆರೆ ಇನ್ನೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆಯಾದದ್ದು ಆ ವರ್ಷದ ಆಗಸ್ಟ್‌ನಲ್ಲಿ. ಹಾಗಾಗಿ ನನ್ನ ಲೆಕ್ಕದಲ್ಲಿ ನೀವು ನಮ್ಮ ಜಿಲ್ಲೆಯವರೇ. ಪೆಟ್ಟಿಗೆಯಲ್ಲಿ ಗುರೆಳ್ಳು ಚಟ್ನಿಪುಡಿ, ಶೇಂಗಾ, ಅಪ್ಪ ಕೊಟ್ಟ ಕೆಂಪು ಅಂಚಿನ ಟವೆಲ್ಲು. ಕೆಲಸಕ್ಕೆ ಸೇರಿದ ಮೂರನೇ ದಿನ ಇಂಥದೇ ಪಟ್ಟಿಯೊಂದು ನನ್ನ ಮುಂದೆಯೂ ಬಂತು. ಹನ್ನೆರಡು ಹೆಸರುಗಳಲ್ಲಿ ಒಂದೂ ಅರ್ಥವಾಗಲಿಲ್ಲ. ಅಪ್ಪನಾಗಿದ್ದರೆ ಯಾವುದಕ್ಕೆ ಗುರುತು ಹಾಕುತ್ತಿದ್ದರು ಎಂದು ಯೋಚಿಸುತ್ತ ಕುಳಿತಿದ್ದೆ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಮೊದಲ ವರ್ಷ ಬಾಡಿಗೆ ಮನೆಯೇ ಸಾಕು. ಕಾರಿಗೆ ನವೆಂಬರ್ ಒಳಗೆ ಹಿಮದ ಟೈರು ಹಾಕಿಸಿ, ಮುಂದಿನ ಗಾಡಿಯಿಂದ ದೂರ ಇರಿ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಾಗಿ ಬದಲಿಸಿ. ಅಲ್ಲಿನ ಎಲ್ಲ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ವಿದೇಶಿ ಖಾತೆಗಳ ವರದಿಯಾದ ಎಫ್‌ಬಿಎಆರ್ ಅನ್ನು ಇಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು. ಎಸ್‌ಐಪಿಯನ್ನು ಇಂದೇ ನಿಲ್ಲಿಸಿ: ಭಾರತದ ಮ್ಯೂಚುವಲ್ ಫಂಡನ್ನು ಇಲ್ಲಿನ ತೆರಿಗೆಯವರು ಪಿಎಫ್‌ಐಸಿ (ಒಂದು ಬಗೆಯ ವಿದೇಶಿ ಹೂಡಿಕೆ ಕಂಪನಿ) ಎಂದು ಬೇರೆಯೇ ಸಾಲಿನಲ್ಲಿಡುತ್ತಾರೆ, ಅದಕ್ಕೆ ತುಂಬಬೇಕಾದ ಫಾರ್ಮ್ 8621ರ ಕಾಟ ಬೇಡ. ಈಗಾಗಲೇ ಇರುವ ಯೂನಿಟ್‌ಗಳನ್ನು ಏನು ಮಾಡಬೇಕೆಂದು ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಕೇಳಿ. 401ಕೆಯಲ್ಲಿ ಕಂಪನಿಯು ನಿಮ್ಮ ಪಾಲಿಗೆ ಸಮನಾಗಿ ಎಷ್ಟು ಹಾಕುತ್ತದೋ ಅಷ್ಟನ್ನೂ ಪಡೆಯಿರಿ, ಬಿಡಬೇಡಿ. ಐವತ್ತೊಂಬತ್ತೂವರೆ ವಯಸ್ಸಿಗೆ ಮುನ್ನ ಅದನ್ನು ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ ತೆಗೆದ ಮೊತ್ತದ ಶೇ 10 ದಂಡವೂ ಬೀಳುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. "ಏರಿಳಿತ ಕಡಿಮೆ" ಮತ್ತು "ಅಸಲು ಕರಗದು" ಎಂಬ ಎರಡು ಮಾತುಗಳನ್ನು ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ನಾನೂ ಹಾಗೆಯೇ ತಿಳಿದಿದ್ದೆ. ಅದಕ್ಕೆ ತೆತ್ತದ್ದನ್ನು ಹೇಳಿಬಿಡುತ್ತೇನೆ.

2020ರಲ್ಲಿ, ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ, ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ಎಸ್ ಅಂಡ್ ಪಿ 500 ಶೇ 34ರಷ್ಟು ಕುಸಿಯಿತು. ಕಡಿಮೆ ಏರಿಳಿತದ ಷೇರುಗಳನ್ನೇ ಆರಿಸಿ ಕಟ್ಟಿದ್ದೇವೆ ಎನ್ನುತ್ತಿದ್ದ ಫಂಡ್‌ಗಳೂ ಹೆಚ್ಚುಕಡಿಮೆ ಅಷ್ಟೇ ಬಿದ್ದವು. ನನಗಾಗ 59. ಮಾರುಕಟ್ಟೆ ಚೇತರಿಸಿಕೊಂಡ ಮೇಲೆ ಆ ವರ್ಷದ ಕೊನೆಯಲ್ಲಿ ಇಡುಗಂಟಿನ ಬಹುಪಾಲನ್ನು ಅಮೆರಿಕ ಸರ್ಕಾರದ ದೀರ್ಘಾವಧಿ ಬಾಂಡ್‌ಗಳ (ಸಾಲಪತ್ರಗಳ) ಫಂಡ್‌ಗೆ ಸಾಗಿಸಿದೆ. ಸರ್ಕಾರದ ಕಾಗದ, ಮುಳುಗುವ ಮಾತೇ ಇಲ್ಲ. ಷೇರು ಬಿದ್ದಾಗ ಅದು ಮೇಲೇರಿದ್ದನ್ನೂ ಕಣ್ಣಾರೆ ನೋಡಿದ್ದೆ. 2022ರ ಕೊನೆಗೆ ಕೆಲಸ ಬಿಟ್ಟು ದುರ್ಗಕ್ಕೆ ಮರಳುವುದು, ಅಪ್ಪನ ಜೊತೆ ಇರುವುದು ಎಂದು ಲೆಕ್ಕ ಹಾಕಿದ್ದೆ.

ಬಾಂಡ್ ಫಂಡಿನ ವಿವರಪತ್ರದಲ್ಲಿ "ಡ್ಯುರೇಷನ್" ಎಂಬ ಒಂದು ಸಂಖ್ಯೆ ಇರುತ್ತದೆ. ನಾನು ಅದನ್ನು ಓದಿರಲಿಲ್ಲ. ಬಡ್ಡಿ ದರ ಶೇ 1ರಷ್ಟು ಏರಿದರೆ ಫಂಡಿನ ಬೆಲೆ ಸುಮಾರು ಎಷ್ಟು ಶೇಕಡಾ ಇಳಿಯುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಹೊಸ ಕಾಗದ ಶೇ 4 ಬಡ್ಡಿ ಕೊಡುವಾಗ ಶೇ 2ರ ಹಳೆಯ ಕಾಗದವನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಕಾಗದದ ಅವಧಿ ಎಷ್ಟು ಉದ್ದವೋ ಪೆಟ್ಟು ಅಷ್ಟು ದೊಡ್ಡದು. ನನ್ನ ಫಂಡಿನಲ್ಲಿ ಆ ಸಂಖ್ಯೆ 17ರ ಮೇಲಿತ್ತು. 2022ರಲ್ಲಿ ಇಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಸೊನ್ನೆಯ ಹತ್ತಿರವಿದ್ದ ದರವನ್ನು ಶೇ 4.25ರ ಮೇಲಕ್ಕೆ ಒಯ್ದಿತು. ಅಂಥ ಫಂಡ್‌ಗಳು ಒಂದೇ ವರ್ಷದಲ್ಲಿ ಶೇ 30ರ ಆಸುಪಾಸು ಕಳೆದುಕೊಂಡವು. ಆ ವರ್ಷ ಷೇರುಗಳೂ ಶೇ 18ರಷ್ಟು ಇಳಿದವು. ಒಂದು ಬಿದ್ದರೆ ಇನ್ನೊಂದು ಹಿಡಿಯುತ್ತದೆ ಎಂದು ನಂಬಿದ್ದವನಿಗೆ ಹಿಡಿಯಲು ಏನೂ ಉಳಿದಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, ಕೋಡಿ ಬಿತ್ತು. 1933ರ ನಂತರ, 89 ವರ್ಷಗಳ ಮೇಲೆ. ಅಪ್ಪನಿಗೆ ಆಗ 85. ಹುಟ್ಟಿದಾಗಿನಿಂದ ಮಾರಿಕಣಿವೆ ಕೋಡಿ ಬಿದ್ದ ಕಥೆಯನ್ನು ಅವರ ಅಪ್ಪನಿಂದ ಕೇಳಿದ್ದರೇ ಹೊರತು ನೋಡಿರಲಿಲ್ಲ. ಫೋನಿನಲ್ಲಿ "ಬಾರೋ, ಇಬ್ಬರೂ ಹೋಗಿ ಬಾಗಿನ ಬಿಟ್ಟು ಬರೋಣ" ಎಂದರು. ನಾನು ಖಾತೆಯ ಮೊತ್ತ ನೋಡುತ್ತಿದ್ದೆ. ಟಿಕೆಟ್ಟಿನ ಖರ್ಚು ಕೂಡ ದೊಡ್ಡದಾಗಿ ಕಂಡಿತು. "ಇನ್ನೆರಡು ವರ್ಷ ದುಡಿಯಬೇಕಾಗಿದೆ ಅಪ್ಪ, ಬೇಸಿಗೆಗೆ ಬರುತ್ತೇನೆ" ಎಂದೆ. ತಮ್ಮನ ಮಗ ಅವರನ್ನು ಕರೆದುಕೊಂಡು ಹೋಗಿ ವಿಡಿಯೊ ಕಳುಹಿಸಿದ. ಬೇಸಿಗೆ ಬರುವ ಮೊದಲೇ, ಫೆಬ್ರವರಿಯಲ್ಲಿ, ಅಪ್ಪ ಹೋದರು. ಕಳೆದುಹೋದ ದುಡ್ಡಿನ ಒಂದು ಪಾಲನ್ನು ಆಮೇಲೆ ದುಡಿದು ತುಂಬಿದ್ದೇನೆ.

ಅಪ್ಪನಿಗೆ ಷೇರು ಗೊತ್ತಿರಲಿಲ್ಲ, ಅಂಚೆ ಕಚೇರಿ ಗೊತ್ತಿತ್ತು. ಅವರು ಯಾವ ದುಡ್ಡಿಗಾದರೂ ಮೊದಲು ಕೇಳುತ್ತಿದ್ದದ್ದು "ಇದು ಯಾವಾಗ ಬೇಕು?" ಎಂದು. ನನ್ನ ತಂಗಿಯ ಮದುವೆಗೆ ಐದಾರು ವರ್ಷವಿದ್ದಾಗ ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರ ಕೊಂಡರು, ಆಗ ಅದು ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. ಬಿತ್ತನೆಯ ದುಡ್ಡನ್ನು ಉಳಿತಾಯ ಪುಸ್ತಕ ದಾಟಿ ಎಲ್ಲಿಗೂ ಬಿಡುತ್ತಿರಲಿಲ್ಲ. ಎರಡು ವರ್ಷದಲ್ಲಿ ಬೇಕಾದ ದುಡ್ಡನ್ನು ನಾನು ಇಪ್ಪತ್ತು ವರ್ಷದ ಕಾಗದದಲ್ಲಿಟ್ಟೆ. ಅವರನ್ನು ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಹೆಸರು ನೋಡಬೇಡಿ, ಅವಧಿ ನೋಡಿ. ಬೆಲೆ ಅಲುಗದಂತೆ ಕಟ್ಟಿದ ಸ್ಟೇಬಲ್ ವ್ಯಾಲ್ಯೂ ಫಂಡ್ ಇದ್ದರೆ ಅದು ಹತ್ತಿರದ ದುಡ್ಡಿಗೆ ಒಳ್ಳೆಯ ಜಾಗ. ವಿಮಾ ಕಂಪನಿಗಳ ಒಪ್ಪಂದದ ಮೇಲೆ ನಿಂತಿರುತ್ತದೆ, ಬ್ಯಾಂಕ್ ಠೇವಣಿಯ ಸರ್ಕಾರಿ ವಿಮೆ ಇರುವುದಿಲ್ಲ, ಹೊರಬರುವ ನಿಯಮ ಓದಿಕೊಳ್ಳಿ. ತೀರ ಕಡಿಮೆ ಅವಧಿಯ ಸಾಲಪತ್ರಗಳ ಮನಿ ಮಾರ್ಕೆಟ್ ಫಂಡ್ ಅದರ ನಂತರ. ಡ್ಯುರೇಷನ್ ಎರಡು ಮೂರರ ಒಳಗಿರುವ ಅಲ್ಪಾವಧಿ ಬಾಂಡ್ ಫಂಡ್ ಆಮೇಲೆ. ನಿವೃತ್ತಿಯ ಇಸವಿಗೆ ತಕ್ಕಂತೆ ಕಟ್ಟಿದ ಟಾರ್ಗೆಟ್ ಡೇಟ್ ಫಂಡ್‌ನ ಹೆಸರಿನಲ್ಲಿರುವ ಇಸವಿಯನ್ನು ನೋಡಿ ನೆಮ್ಮದಿಯಾಗಬೇಡಿ. 2010ರಲ್ಲಿ ನಿವೃತ್ತರಾಗುವವರಿಗೆಂದು ಮಾಡಿದವು 2008ರಲ್ಲಿ ಸರಾಸರಿ ಕಾಲುಭಾಗದಷ್ಟು ಕಳೆದುಕೊಂಡವು. ಒಳಗೆ ಷೇರು ಎಷ್ಟಿದೆ ನೋಡಿ.

ಹಾಗೆಂದು ಎಲ್ಲವನ್ನೂ ಬಡ್ಡಿಯಲ್ಲೇ ಇಟ್ಟರೂ ಆಗದು. ನಿಮಗೆ ಹನ್ನೊಂದು ವರ್ಷವಿದೆ, ಆಮೇಲೆ ಬದುಕಬೇಕಾದ ವರ್ಷಗಳು ಬೇರೆ. 2022ರ ಜೂನ್‌ನಲ್ಲಿ ಇಲ್ಲಿನ ಬೆಲೆಯೇರಿಕೆ ಶೇ 9.1 ಮುಟ್ಟಿತ್ತು, ಅಲುಗಾಡದ ದುಡ್ಡೂ ಹಾಗೆ ಕರಗುತ್ತದೆ. ನಮ್ಮ ಕೋಟೆಯ ನೀರಿನ ಏರ್ಪಾಡನ್ನು ನೀವೂ ನೋಡಿರುತ್ತೀರಿ. ಬೆಟ್ಟದ ಮಳೆ ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ. ಮಳೆ ಹಿಡಿಯುವುದು ಮೇಲಿನದು, ಕೊಡ ಮುಳುಗಿಸುವುದು ಕೆಳಗಿನದರಲ್ಲಿ. ದೂರದ ವರ್ಷಗಳ ದುಡ್ಡು ಷೇರಿನಲ್ಲಿರಲಿ. ಏರಿದ ವರ್ಷ ಸ್ವಲ್ಪ ತೆಗೆದು ಬಾಂಡ್‌ಗೆ, ಅಲ್ಲಿಂದ ಸ್ಟೇಬಲ್ ವ್ಯಾಲ್ಯೂಗೆ ಇಳಿಸುತ್ತ ಬನ್ನಿ. ಐವತ್ತೇಳು ದಾಟಿದ ಮೇಲೆ, ನಿವೃತ್ತಿಯ ಮೊದಲ ಮೂರು ನಾಲ್ಕು ವರ್ಷದ ಮನೆಖರ್ಚು ಕೆಳಗಿನ ಹೊಂಡದಲ್ಲಿ ಸೇರುತ್ತ ಇರಬೇಕು. ಮಾರುಕಟ್ಟೆ ಬಿದ್ದ ವರ್ಷ ಮೇಲಿನದನ್ನು ಮುಟ್ಟದೆ ಊರಿಗೆ ಹೊರಡಲು ಆ ನೀರು ಬೇಕು.

2025ರ ಜನವರಿಯಲ್ಲಿ ಕೆರೆ ಮತ್ತೆ ಕೋಡಿ ಬಿತ್ತು. ಈ ಸಲ ಹೋದೆ. ಅಪ್ಪನ ಟವೆಲ್ಲು ಹೆಗಲ ಮೇಲಿತ್ತು, ಬಾಗಿನವನ್ನು ಒಬ್ಬನೇ ಬಿಟ್ಟೆ.

ಪಟ್ಟಿಯ ಫೋಟೊ ಕಳುಹಿಸಿ, ಕುಳಿತು ನೋಡೋಣ. ಪ್ರತಿ ಫಂಡಿನ ಪಕ್ಕ ವಾರ್ಷಿಕ ವೆಚ್ಚ, ಬಾಂಡ್ ಫಂಡಾದರೆ ಡ್ಯುರೇಷನ್ ಕೂಡ ಬರೆದಿಡಿ. ವಿದ್ಯಾನಗರದ ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ ಎಂದಿದ್ದೀರಲ್ಲ, ಅವರ ವಯಸ್ಸನ್ನೂ ಅದೇ ಹಾಳೆಯ ಮೇಲೆ ಬರೆಯಿರಿ.