ಏಳನೇ ಪುಟದ ಆ ಸಾಲು

ತೀರ್ಥಹಳ್ಳಿಯ ಲೇಖಕಿಗೆ ನಮಸ್ಕಾರ.

ನಿಮ್ಮ ‘ಜೀನುಗಳ ಯಜಮಾನರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಏಳನೇ ಪುಟದಲ್ಲಿ ನೀವು ಬರೆದಿದ್ದೀರಿ: ‘ಕೋಶ ಪಿ53 ಪ್ರೋಟೀನನ್ನು ಸದಾ ಮಾಡುತ್ತಲೇ ಇರುತ್ತದೆ, ಮಾಡಿದ ಸ್ವಲ್ಪ ಹೊತ್ತಿಗೇ ನಾಶ ಮಾಡುತ್ತದೆ.’ ಓದಿ ನೆಟ್ಟಗೆ ಕೂತೆ. ಇಂಥ ಸಾಲನ್ನು ಅಷ್ಟು ಒಳಗೆ ಯಾಕೆ ಬಚ್ಚಿಟ್ಟಿರಿ? ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ.

ಎಸೆಯುವುದಾದರೆ ಮಾಡುವುದು ಯಾಕೆ ಅಂತ ಓದುಗರು ಕೇಳುತ್ತಾರೆ, ಅಲ್ವಾ? ಉತ್ತರವೂ ನಿಮ್ಮ ಹತ್ತಿರವೇ ಇದೆ. ಪಿ53 ಅಪಾಯದ ಹೊತ್ತಿನಲ್ಲಿ ಬೇಕಾದ ಜೀನುಗಳನ್ನು ಚಾಲೂ ಮಾಡುವ ಪ್ರೋಟೀನ್. ಡಿಎನ್‌ಎಗೆ ಪೆಟ್ಟು ಬಿದ್ದಾಗ ಮೊದಲಿಂದ ಮಾಡುತ್ತಾ ಕೂರಲು ಪುರುಸೊತ್ತಿಲ್ಲ. ನಾಶ ಮಾಡುವುದನ್ನು ನಿಲ್ಲಿಸಿದರೆ ಸಾಕು, ಪಿ53 ತಾನಾಗಿ ತುಂಬಿಕೊಳ್ಳುತ್ತದೆ. ಪೆಟ್ಟು ಇಲ್ಲದ ದಿನ ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಬಂದು ಪಿ53ಯನ್ನು ಹಿಡಿದುಕೊಳ್ಳುತ್ತದೆ. ಜೀನನ್ನು ಚಾಲೂ ಮಾಡುವ ಭಾಗವನ್ನೇ ಮುಚ್ಚುತ್ತದೆ. ಜೊತೆಗೆ ಇದನ್ನು ನಾಶ ಮಾಡಿ ಅನ್ನುವ ಗುರುತಾಗಿ ಯುಬಿಕ್ವಿಟಿನ್ ಅಂಟಿಸುತ್ತದೆ. ಆ ಎಂಡಿಎಂ2 ಜೀನನ್ನು ಚಾಲೂ ಮಾಡುವುದು ಯಾರು? ಪಿ53! ತನ್ನನ್ನು ಮುಗಿಸುವವನನ್ನು ತಾನೇ ಹುಟ್ಟಿಸುತ್ತದೆ. ಇದಕ್ಕೆ ನೀವು ಕೊಟ್ಟಿದ್ದು ಅರ್ಧ ಸಾಲು. ಒಂದು ಪುಟ ಕೊಡಿ.

ಒಂದು ತಪ್ಪು. ‘ಯುಬಿಕ್ವಿಟಿನ್ ಪ್ರೋಟೀನನ್ನು ಕತ್ತರಿಸುತ್ತದೆ’ ಅಂದಿದ್ದೀರಿ. ಇಲ್ಲ. ಅದು 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್, ಬರೀ ಗುರುತು. ನಮ್ಮ ಕಡೆ ರಸ್ತೆ ಅಗಲ ಮಾಡುವ ಮೊದಲು ಮರಗಳ ಮೇಲೆ ಬಣ್ಣದಲ್ಲಿ ನಂಬರ್ ಬರೆಯುತ್ತಾರಲ್ಲ, ಹಾಗೆ. ನಂಬರ್ ಮರ ಕಡಿಯುವುದಿಲ್ಲ, ಗರಗಸ ಬೇರೆ. ಇಲ್ಲಿ ಗರಗಸ ಪ್ರೋಟಿಯಾಸೋಮ್, ಕೋಶದೊಳಗೆ ಪ್ರೋಟೀನ್ ಚೂರು ಮಾಡುವ ಯಂತ್ರ. ಒಂದು ಯುಬಿಕ್ವಿಟಿನ್ ಅಂಟಿದ ಮಾತ್ರಕ್ಕೆ ಪ್ರೋಟೀನ್ ಸಾಯಲೇಬೇಕು ಅಂತಲೂ ಇಲ್ಲ. ಸಾಮಾನ್ಯವಾಗಿ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಸರಪಳಿಯಂತೆ ಸೇರಬೇಕು.

ಇದಕ್ಕಿಂತ ದೊಡ್ಡ ತೊಂದರೆ ಒಂಬತ್ತನೇ ಪುಟದ್ದು. ಪಿ53 ಮತ್ತು ಗಿಡಗಳ ಎಂವೈಸಿ2, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಎರಡೂ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಜೀನ್ ಚಾಲೂ ಮಾಡುವ ಅಥವಾ ನಿಲ್ಲಿಸುವ ಪ್ರೋಟೀನ್) ನಿಜ, ಆದರೆ ಕಥೆ ಉಲ್ಟಾ. ಪಿ53ಯ ವಿಷಯದಲ್ಲಿ ಕೆಲಸಗಾರನೇ ನಾಶವಾಗುತ್ತಾನೆ. ಎಂವೈಸಿ2 ವಿಷಯದಲ್ಲಿ ಕೆಲಸಗಾರನನ್ನು ಕಟ್ಟಿಹಾಕಿದವನು ನಾಶವಾಗುತ್ತಾನೆ. ಹುಳ ಎಲೆ ಕಚ್ಚುತ್ತದೆ. ಎಲೆಯಲ್ಲಿ ಜಾಸ್ಮೋನೇಟ್ ಅನ್ನುವ ಹಾರ್ಮೋನ್ ಹೆಚ್ಚುತ್ತದೆ. ಅಲ್ಲಿಯವರೆಗೆ ಎಂವೈಸಿ2ವನ್ನು ಹಿಡಿದಿದ್ದ ಜಾಝ್ ಪ್ರೋಟೀನಿಗೆ ಯುಬಿಕ್ವಿಟಿನ್ ಅಂಟುತ್ತದೆ, ಅದು ಚೂರಾಗುತ್ತದೆ. ಎಂವೈಸಿ2 ಬಿಡುಗಡೆಯಾಗಿ ಹುಳದ ವಿರುದ್ಧ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಜಾಝ್ ಪತ್ತೆಯಾಗಿದ್ದು 2007ರಲ್ಲಿ, ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಗಿಡದಲ್ಲಿ. ತೋಟದ ಮನೆಯವರು ನೀವು, ಆಸೆಯಾಗುತ್ತದೆ, ಗೊತ್ತು. ಆದರೂ ಅದನ್ನು ಅಡಿಕೆ ಮರದ ಕಥೆ ಮಾಡಬೇಡಿ. ತೋಟದಲ್ಲಿ ಹುಳ ತಿಂದ ಎಲೆ ನೋಡಿದ್ದನ್ನು ಬರೆಯಿರಿ, ಪ್ರಯೋಗ ಯಾವ ಗಿಡದ್ದು ಅಂತ ಹೇಳಿಬಿಡಿ.

ಮೊದಲ ಎರಡು ಪುಟದಲ್ಲಿರುವ 2004ರ ನೊಬೆಲ್ ಪುರಾಣ ತೆಗೆಯಿರಿ. ಯುಬಿಕ್ವಿಟಿನ್ ಕೆಲಸ ಪತ್ತೆ ಮಾಡಿ ಆ ಬಹುಮಾನ ಪಡೆದ ಚಿಯೆಕಾನೋವರ್, ಹೆರ್ಷ್ಕೋ, ರೋಸ್ ಹೆಸರು ಯುಬಿಕ್ವಿಟಿನ್ ಬಂದಾಗ ಒಂದು ಸಾಲಲ್ಲಿ ಬರಲಿ. ‘ಪ್ರತಿಲೇಖನ ಅಂಶ’ ಬೇಡ. ಕಾಲೇಜಿನಲ್ಲಿ ಅದನ್ನು ನೀವೂ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂತಲೇ ಕರೆಯುತ್ತೀರಿ. ಹಾಗೇ ಬರೆದು, ಜೀನ್ ಚಾಲೂ ಮಾಡುವ ಅಥವಾ ನಿಲ್ಲಿಸುವ ಪ್ರೋಟೀನ್ ಅಂತ ಒಮ್ಮೆ ಬಿಡಿಸಿ ಹೇಳಿ.

ಮನೆಯಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ ಅಂತ ಪತ್ರದಲ್ಲಿ ಹೇಳಿದ್ದೀರಿ. ಅದು ಮುಗಿಯಲಿ. ಆಮೇಲೆ ಹನ್ನೊಂದು ಪುಟ ಬೇಡ, ಐದು ಸಾಕು. ಶಿವಮೊಗ್ಗಕ್ಕೆ ಬಂದಾಗ ಕಚೇರಿಗೇ ತನ್ನಿ, ಕೂತು ಒಟ್ಟಿಗೆ ಓದೋಣ.