ಹೆಚ್ಚು ಮತ ಪಡೆದರೂ ಅಲ್ ಗೋರ್ 2000ರಲ್ಲಿ ಅಮೆರಿಕದ ಅಧ್ಯಕ್ಷರಾಗಲಿಲ್ಲ, ಏಕೆ?

ಅಮೆರಿಕದಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಜನರ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳೇ ಎಲೆಕ್ಟರ್‌ಗಳು; ಅಂಥ ಒಟ್ಟು 538 ಜನರಲ್ಲಿ 270 ಜನರ ಮತ ಬೇಕು. ಮೇಯ್ನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದೆಡೆ, ರಾಜ್ಯದಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಅಲ್ಲಿನ ಎಲ್ಲ ಎಲೆಕ್ಟರ್‌ಗಳು ದಕ್ಕುತ್ತಾರೆ.

ದೇಶದ ಲೆಕ್ಕದಲ್ಲಿ ಗೋರ್ ಐದು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಆದರೆ ಫ್ಲಾರಿಡಾದಲ್ಲಿ ಸುಮಾರು 60 ಲಕ್ಷ ಮತಗಳ ಪೈಕಿ ಕೇವಲ 537ರಿಂದ ಹಿಂದೆ ಬಿದ್ದರು. ಆ ರಾಜ್ಯದ 25 ಎಲೆಕ್ಟರ್‌ಗಳೂ ಜಾರ್ಜ್ ಬುಷ್ ಪಾಲಾಗಿ, ಫಲಿತಾಂಶ 271–266 ಆಯಿತು. ಮರುಎಣಿಕೆಯನ್ನು ಸುಪ್ರೀಂ ಕೋರ್ಟ್ ಡಿಸೆಂಬರ್ 12ರಂದು 5–4ರ ತೀರ್ಪಿನಿಂದ ನಿಲ್ಲಿಸಿತು. ಈ ಪದ್ಧತಿ ನನಗೆ ನ್ಯಾಯವೆನಿಸುವುದಿಲ್ಲ. ಫ್ಲಾರಿಡಾದವನ ಮತಕ್ಕಿದ್ದ ತೂಕ ಅಂದು ಟೆಕ್ಸಾಸ್‌ನವನ ಮತಕ್ಕಿರಲಿಲ್ಲ.

ಆದರೂ ಈ ಚುನಾವಣೆಯಲ್ಲಿ ನನ್ನ ಮನಸ್ಸಿಗೆ ನಾಟಿರುವುದು ಅದರ ಮುಂದಿನ ಭಾಗ. ಮರುದಿನವೇ ಗೋರ್, ತೀರ್ಪನ್ನು ಒಪ್ಪುವುದಿಲ್ಲ ಎನ್ನುತ್ತಲೇ ಅದಕ್ಕೆ ತಲೆಬಾಗಿ ಸೋಲೊಪ್ಪಿದರು. 2001ರ ಜನವರಿ 6ರಂದು ಎಲೆಕ್ಟರ್ ಮತಗಳ ಎಣಿಕೆ ನಡೆದಾಗ, ಉಪಾಧ್ಯಕ್ಷರಾಗಿದ್ದ ಅವರೇ ಸಂಸತ್ತಿನ ಜಂಟಿ ಅಧಿವೇಶನದ ಪೀಠದಲ್ಲಿದ್ದರು. ಅವರ ಪರವಾಗಿಯೇ ಕೆಳಮನೆಯ ಕಪ್ಪು ಜನಾಂಗದ ಹಲವು ಸದಸ್ಯರು ಫ್ಲಾರಿಡಾದ ಮತಗಳಿಗೆ ಆಕ್ಷೇಪ ಎತ್ತಿದರು. ಆಕ್ಷೇಪಕ್ಕೆ ಒಬ್ಬ ಸೆನೆಟರನ (ಮೇಲ್ಮನೆ ಸದಸ್ಯನ) ಸಹಿಯೂ ಬೇಕೆಂಬುದು ಆಗಿನ ನಿಯಮವಾಗಿತ್ತು. ಒಬ್ಬರೂ ಸಹಿ ಹಾಕಿರಲಿಲ್ಲ. ಗೋರ್ ಒಂದೊಂದನ್ನೇ ತಳ್ಳಿಹಾಕಿ, ಕೊನೆಗೆ ತಮ್ಮ ಎದುರಾಳಿಯ ಗೆಲುವನ್ನು ತಾವೇ ಓದಿ ಹೇಳಿದರು.